ಡಿಸ್ಕೊ ಯುಗದ ‘ಕೆಟ್ಟ’ ಹಾಡು: ಇಫ್ ಯು ಕಮ್ ಟುಡೇ
ದೊರೈ-ಭಗವಾನ್ ನಿರ್ದೇಶನದ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದ ಇಂಗ್ಲಿಷ್ ಗೀತೆಯಿದು. ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಹಾಡಿದವರು ಚಿತ್ರದ ನಾಯಕ ಡಾ. ರಾಜ್‌ಕುಮಾರ್ ಅವರೇ.

ಭೇಟಿಯ ಸಮಯವನ್ನು ಕುರಿತ ಕೆಲವೇ ಮಾತುಗಳು ಹಾಡಿನುದ್ದಕ್ಕೂ ಮರುಕಳಿಸುತ್ತವೆ. ಹೀಗಾಗಿ ಹಲವರು ಇದನ್ನು ಕೆಟ್ಟ ಹಾಡುಗಳ ಸಾಲಿಗೆ ಸೇರಿಸುತ್ತಾರೆ. ಅಂತರಜಾಲದಲ್ಲಿಯೂ ಇದು ನಗೆಯ ವಸ್ತುವಾಗಿದೆ.

ಡಿಸ್ಕೊ ಕಾಲದ ಚಿತ್ರಗಳಿಗೆ ಇಂತಹ ಅಪಹಾಸ್ಯ ಹೊಸದಲ್ಲ. ಅಮೆರಿಕದ ಡಿಸ್ಕೊ ಸಂಗೀತಚಿತ್ರ ‘ಕಾಂಟ್ ಸ್ಟಾಪ್ ದ ಮ್ಯೂಸಿಕ್’ (1980), 1981ರಲ್ಲಿ ಆರಂಭವಾದ ರಾಝಿ ಪ್ರಶಸ್ತಿಗಳಲ್ಲಿ ಮೊತ್ತಮೊದಲ ‘ಅತಿ ಕೆಟ್ಟ ಚಿತ್ರ’ವೆನಿಸಿತು.

ಆದರೆ ದೋಷ ಪಾಶ್ಚಾತ್ಯ ತಾಳದ್ದಲ್ಲ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ‘ಸಂತೋಷಕ್ಕೆ’ ಕೂಡ ಅದೇ ಕಾಲದ ಕುಣಿತದ ಹಾಡು. ಇಳಯರಾಜ ಅವರ ಸಂಗೀತಕ್ಕೆ ಚಿ. ಉದಯಶಂಕರ್ ಬರೆದ ಕನ್ನಡ ಪದಗಳು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠದಲ್ಲಿ ಸಹಜವಾಗಿ ಹರಿದವು. ಆ ಹಾಡನ್ನು ಯಾರೂ ನಗೆಯಾಡಲಿಲ್ಲ.

ಬಾಲ್ಯದಲ್ಲೇ ಶಾಲೆ ತೊರೆದು ಗುಬ್ಬಿ ಕಂಪನಿ ಸೇರಿದ್ದ ರಾಜ್, ಗಾಯಕರಾಗಿ ನೆಲೆಯೂರಿದ್ದು ‘ಸಂಪತ್ತಿಗೆ ಸವಾಲ್’ (1974) ಚಿತ್ರದ ನಂತರ. ನಾಲ್ಕೇ ವರ್ಷಗಳಲ್ಲಿ ಇಂಗ್ಲಿಷ್ ಗೀತೆಯನ್ನೂ ಅಳುಕದೆ ಹಾಡಿದರು. ಸಾಹಿತ್ಯ ಬಡವಾದರೂ ಹಾಡು ಉಳಿದಿರುವುದು ಅಳುಕಿಲ್ಲದ ಆ ದನಿಯಿಂದಲೇ.