ಜಂಬುನಾಥನ ಬೆಟ್ಟದ ಅದಿರು, ಕಮಲಾಪುರದ ಕೊಪ್ಪರಿಗೆ

ಸಂಡೂರಿನ ಗಣಿ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮ್ಯಾಂಗನೀಸಿನಿಂದ ಹೊರಡುತ್ತಾರೆ. 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಕಂಪನಿ, ಆಮೇಲೆ ದೋಣಿಮಲೈ ಕಬ್ಬಿಣದ ಗಣಿ, ಕೊನೆಗೆ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ. ಇವೆಲ್ಲಕ್ಕೂ ಹಿಂದಿನ ಒಂದು ಕಬ್ಬಿಣದ ಕಸುಬು ಈ ಸಾಲಿನಲ್ಲಿ ಸೇರುವುದೇ ಇಲ್ಲ.

ಅದರ ಸುಳಿವು ಡಬ್ಲ್ಯು. ಫ್ರಾನ್ಸಿಸ್ ಅವರ 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿದೆ. ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳು ತಯಾರಾಗುತ್ತಿದ್ದವು. ಸಂಡೂರು ಬೆಟ್ಟಸಾಲು ಹೊಸಪೇಟೆಯ ಕಡೆ ಮುಗಿಯುವಲ್ಲಿರುವ ಜಂಬುನಾಥನ ಬೆಟ್ಟದಿಂದ ಅದಿರು ತಂದು, ಕಮ್ಮಾರರೂ ಬಲಿಜರೂ ಊರಲ್ಲೇ ಕರಗಿಸುತ್ತಿದ್ದರು. ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದ ಮೇಲೆ ಕುಲುಮೆ ಆರಿತು. ಕೊಪ್ಪರಿಗೆಯ ಕೆಲಸ ಮಾತ್ರ ಉಳಿಯಿತು.

ನನಗೆ ಇಲ್ಲಿ ಮುಖ್ಯವೆನಿಸುವುದು ಬೇಡಿಕೆಯ ಮೂಲ. ತುಂಗಭದ್ರೆಯಿಂದ ವಿಜಯನಗರದ ಅರಸರು ತೆಗೆಸಿದ ರಾಯ, ಬಸವಣ್ಣ, ತುರ್ತು ಕಾಲುವೆಗಳ ನೀರು ಹೊಸಪೇಟೆ, ಕಮಲಾಪುರದ ಬಯಲಿಗೆ ಕಬ್ಬು ತಂದಿತು. ಕಂಪ್ಲಿಯ ಕಡೆಗೂ ಅಂಥದೇ ಕಾಲುವೆಯಿದೆ. ಕಬ್ಬಿದ್ದಲ್ಲಿ ಆಲೆಮನೆ, ಆಲೆಮನೆಗೆ ಕೊಪ್ಪರಿಗೆ, ಕೊಪ್ಪರಿಗೆಗೆ ಬೆಟ್ಟದ ಅದಿರು. ಹಡಗಿಗೆ ಸಾಗಿಸುವ ಅದಿರಿನ ಕಾಲಕ್ಕೆ ಮೊದಲು ಈ ಬೆಟ್ಟ ಸುತ್ತಲಿನ ಗದ್ದೆಗೆ ದುಡಿದಿತ್ತು. ಇಷ್ಟರಿಂದ ಕುಲುಮೆಯನ್ನೂ ವಿಜಯನಗರದ ಕಾಲಕ್ಕೆ ಒಯ್ಯಬಾರದು. ಗೆಜೆಟಿಯರ್ ಹೇಳುವುದು 1904ರ ಹೊತ್ತಿಗೆ ಅಳಿದಿದ್ದ ಕಸುಬನ್ನು. ಅದು ಶುರುವಾದ ಕಾಲವನ್ನಲ್ಲ.

ಪ್ರವಾಸಿಗರು ಹಂಪಿಯನ್ನು ಒಂದು ದಿನ, ಸಂಡೂರನ್ನು ಇನ್ನೊಂದು ದಿನ ನೋಡುತ್ತಾರೆ. ನಾರಿಹಳ್ಳ ಬೆಟ್ಟ ಸೀಳಿದ ಓಬಳಗಂಡಿ, ಭೀಮಗಂಡಿಗಳು, ಬಾದಾಮಿ ಚಾಲುಕ್ಯರ ಶೈಲಿಯ ಪಾರ್ವತಿ ಗುಡಿ, ಪಕ್ಕದ ಕುಮಾರಸ್ವಾಮಿ ಗುಡಿ ನೋಡತಕ್ಕವೇ. ಆದರೆ ಕೆಂಪು ಅದಿರಿನ ಈ ಗುಡ್ಡಗಳಲ್ಲಿ ನಿಂತವರಿಗೆ ಕಮಲಾಪುರದ ಕುಲುಮೆಯ ಮಾತು ಹೇಳುವವರಿಲ್ಲ. ಜಿಲ್ಲೆಯ ಗಡಿಯೂ ಈಗ ಇವನ್ನು ಬೇರ್ಪಡಿಸಿದೆ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾದ ಮೇಲೆ ಕಮಲಾಪುರ, ಜಂಬುನಾಥನ ಬೆಟ್ಟ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಗೊಂದರಂತೆ ಚರಿತ್ರೆ ಬರೆದರೆ ಸಂಡೂರಿನ ಗಣಿ ಒಂದು ಪುಸ್ತಕದಲ್ಲಿ, ಕಮಲಾಪುರದ ಕುಲುಮೆ ಇನ್ನೊಂದರಲ್ಲಿ ಉಳಿದೀತು.

ಕಮಲಾಪುರದ ಸುತ್ತ ಕಬ್ಬಿಣದ ಕಿಟ್ಟವಿರುವ ಜಾಗಗಳನ್ನು ಗುರುತಿಸಿ ನಕ್ಷೆ ಮಾಡುವುದು ಮೊದಲ ಕೆಲಸ. ಹೊಲ ಸಮಮಾಡುವ ಯಂತ್ರಗಳು ಬಂದಿರುವುದರಿಂದ ಅದು ಬೇಗ ಆಗಬೇಕು. ಜೊತೆಗೆ ಹಳೆಯ ಆಲೆಮನೆಗಳಲ್ಲಿ ಉಳಿದಿರಬಹುದಾದ ಕೊಪ್ಪರಿಗೆಗಳ ಲೋಹವನ್ನು ಪರೀಕ್ಷಿಸಿ, ಜಂಬುನಾಥನ ಬೆಟ್ಟದ ಅದಿರಿನೊಂದಿಗೆ ಹೋಲಿಸಬೇಕು.