ಹೊಸಿಲು ದಾಟಿಸಿದ ಸೀರೆ

ಮನೆಯೊಳಗೆ ಉಡುವ ಸೀರೆಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಹೊರಗೆ ಹೋಗಲು ಬೇರೆ ಉಡುಪೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಂಗಾಳದ ಉಳ್ಳವರ ಮನೆಯ ಹೆಂಗಸರ ಸ್ಥಿತಿ ಇದು. ರವಿಕೆ, ಒಳಲಂಗಗಳ ರೂಢಿಯಿರಲಿಲ್ಲ. ತೆಳುವಾದ ಒಂದೇ ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು. ಅಂತಃಪುರದಲ್ಲೇ ಬದುಕು ಸವೆಸುವವರಿಗೆ ಅಷ್ಟು ಸಾಕೆಂದು ಸಮಾಜ ತೀರ್ಮಾನಿಸಿತ್ತು.

ಈ ಕಟ್ಟನ್ನು ಸಡಿಲಿಸಿದವರು ಕಲ್ಕತ್ತೆಯ ಜೋಡಾಸಾಂಕೋ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ. ಹುಟ್ಟಿದ್ದು 1850ರಲ್ಲಿ. ಗಂಡ ಸತ್ಯೇಂದ್ರನಾಥ ಟಾಗೋರ್ ಕವಿ ರವೀಂದ್ರನಾಥರ ಅಣ್ಣ, ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. 1864ರಲ್ಲಿ ಅವರಿಗೆ ಬೊಂಬಾಯಿ ಪ್ರಾಂತದಲ್ಲಿ ಕೆಲಸವಾಯಿತು. ಹೆಂಡತಿಯೂ ಜೊತೆಗೆ ಹೊರಟರು. ಮನೆಯ ಸೊಸೆ ಜನರ ಕಣ್ಣೆದುರು ನಡೆಯುವುದು ಹಿರಿಯರಿಗೆ ಒಪ್ಪಿಗೆಯಾಗದೆ, ಆಕೆಯನ್ನು ಹಡಗಿನವರೆಗೆ ಪಲ್ಲಕ್ಕಿಯಲ್ಲೇ ಸಾಗಿಸಬೇಕಾಯಿತು.

ಪ್ರಯಾಣಕ್ಕೆಂದು ಫ್ರೆಂಚ್ ಅಂಗಡಿಯಲ್ಲಿ ಒಂದು ಉಡುಪು ಹೊಲಿಸಿದ್ದರು. ಅದನ್ನು ತೊಡುವುದೇ ಆಕೆಗೆ ದೊಡ್ಡ ಪಾಡಾಯಿತು. ಮೈ ಮುಚ್ಚಿತು, ಆದರೆ ಹಿತವಾಗಲಿಲ್ಲ.

ಬೊಂಬಾಯಿಯಲ್ಲಿ ದಂಪತಿ ಉಳಿದುಕೊಂಡದ್ದು ಮಾಣಿಕ್‌ಜಿ ಕರ್ಸೆಟ್‌ಜಿ ಅವರ ಪಾರ್ಸಿ ಕುಟುಂಬದಲ್ಲಿ. ಅಲ್ಲಿನ ಹೆಂಗಸರು ರವಿಕೆ ತೊಟ್ಟು, ಅಚ್ಚುಕಟ್ಟಾಗಿ ಸೀರೆಯುಟ್ಟು ಅಳುಕಿಲ್ಲದೆ ಓಡಾಡುತ್ತಿದ್ದರು. ಜ್ಞಾನದಾನಂದಿನಿ ಅವರಿಂದ ಕಲಿತರು; ಕಲಿತದ್ದನ್ನು ತಮಗೆ ಒಗ್ಗುವಂತೆ ತಿದ್ದಿಕೊಂಡರು. ಪಾರ್ಸಿಗಳ ಸೆರಗು ಬಲ ಹೆಗಲ ಮೇಲೆ ಬೀಳುತ್ತಿತ್ತು. ಅದನ್ನು ಎಡ ಹೆಗಲಿಗೆ ತಂದಾಗ ಬಲಗೈ ಬಿಡುವಾಯಿತು. ಒಳಗೆ ಲಂಗ, ಮೇಲೆ ರವಿಕೆ ಸೇರಿ ನಡೆಯುವಾಗ ಸೀರೆ ಜಾರುವ ಅಂಜಿಕೆಯೂ ತಪ್ಪಿತು.

1866ರಲ್ಲಿ ಕಲ್ಕತ್ತೆಗೆ ಮರಳಿ ವೈಸರಾಯರ ಔತಣಕೂಟಕ್ಕೆ ಹೋದಾಗ, ಮನೆತನದ ಹೆಣ್ಣೊಬ್ಬಳು ಅಲ್ಲಿಗೆ ಬಂದಿದ್ದನ್ನು ಕಂಡು ನಾಚಿದ ಬಂಧು ಪ್ರಸನ್ನಕುಮಾರ ಟಾಗೋರ್ ಎದ್ದು ನಡೆದರು. ಆಕೆ ಹಿಂಜರಿಯಲಿಲ್ಲ. ತಮ್ಮ ಉಡುಗೆಯ ಕ್ರಮವನ್ನು ಬೇಕಾದವರಿಗೆ ಕಲಿಸುವುದಾಗಿ 'ವಾಮಾಬೋಧಿನಿ' ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಬ್ರಾಹ್ಮಸಮಾಜದ ಹೆಂಗಸರು ಮೊದಲು ಅದನ್ನು ರೂಢಿಸಿಕೊಂಡಿದ್ದರಿಂದ 'ಬ್ರಾಹ್ಮಿಕಾ ಸೀರೆ' ಎಂಬ ಹೆಸರೇ ಬಂತು. 1877ರಲ್ಲಿ ಗಂಡನಿಲ್ಲದೆ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೂ ಹೋದರು. 1885ರಲ್ಲಿ 'ಬಾಲಕ' ಎಂಬ ಮಕ್ಕಳ ಪತ್ರಿಕೆಯ ಸಂಪಾದಕಿಯಾದರು.

ಈ ಕಥೆಯ ಒಂದು ಎಳೆ ನಮ್ಮ ಕಡಲ ತೀರಕ್ಕೂ ತಾಗುತ್ತದೆ. ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದರು. ಅಣ್ಣನ ಬಳಿ ಬಂದು ತಂಗಿದ್ದ ತರುಣ ರವೀಂದ್ರನಾಥರ ನೆನಪಿಗೆ ಅಲ್ಲಿನ ಕಡಲತೀರ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ಕನ್ನಡ ನಾಡಿನಲ್ಲಿ ಕುಪ್ಪಸ ಹಳೆಯ ರೂಢಿ. ಕಚ್ಚೆ ಸೀರೆಯುಟ್ಟು ಗದ್ದೆಯಲ್ಲಿ ದುಡಿದ ಹೆಂಗಸರಿಗೆ, ನೆರಿಗೆಯನ್ನು ಹಿಂದಕ್ಕಿಟ್ಟ ಕೊಡವತಿಯರಿಗೆ ಬಂಗಾಳದ ಪಾಠ ಬೇಕಿರಲಿಲ್ಲ. ಆದರೂ ಜ್ಞಾನದಾನಂದಿನಿಯವರ ಸಾಧನೆ ಸಣ್ಣದಲ್ಲ. ಪರರ ಗೌನಿಗೂ ಮನೆಯ ಕಟ್ಟಳೆಗೂ ಮಣಿಯದೆ, ತನ್ನ ಮೈಗೆ ಮತ್ತು ತಾನು ಮಾಡಬೇಕಾದ ಕೆಲಸಕ್ಕೆ ಹೊಂದುವ ಉಡುಪನ್ನು ಹೆಣ್ಣೊಬ್ಬಳು ತಾನೇ ಆರಿಸಿಕೊಳ್ಳಬಲ್ಲಳೆಂದು ಅವರು ಉಟ್ಟು ತೋರಿಸಿದರು. ಸೀರೆಯ ಚರಿತ್ರೆ ಬರೆಯುವಾಗ ಅರಮನೆಗಳ ಜರತಾರಿಗಿಂತ ಮೊದಲು ಈ ಧೈರ್ಯ ದಾಖಲಾಗಬೇಕು.