ರಂಗಪೂರ್ಣತೆ: ಚಾರ್ಲ್‌ಟನ್ ಕಾಲ್ಚೆಂಡಿನ ತಂಡವೂ ಅದರ ಪ್ರೇಕ್ಷಕರೂ

ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಭರತಮುನಿಯು ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡು ಬಗೆಯಾಗಿ ವಿಂಗಡಿಸಿರುವನು. ನೋಟಕರ ಮಂದಹಾಸ, ಅಟ್ಟಹಾಸ, 'ಸಾಧು' ಎಂಬ ಉದ್ಗಾರ, ಆಸನ ಬಿಟ್ಟು ಏಳುವಿಕೆ ಇವೇ ಮೊದಲಾದುವು ಮಾನುಷಸಿದ್ಧಿಯ ಗುರುತುಗಳು. ರಂಗವು ಜನರಿಂದ ತುಂಬಿರುವುದನ್ನಾದರೋ ಆತನು ದೈವಿಕಸಿದ್ಧಿಯ ಲಕ್ಷಣಗಳಲ್ಲಿ ಸೇರಿಸಿದ್ದಾನೆ. ಚೆನ್ನಾಗಿ ಆಡುವುದು ಪ್ರಯೋಕ್ತೃಗಳ ಕೈಯಲ್ಲಿರುವುದು. ರಂಗ ತುಂಬುವುದು ಕೇವಲ ಅವರ ಕೈಯಲ್ಲಿಲ್ಲವೆಂಬುದೇ ಇದರ ತಾತ್ಪರ್ಯವೆಂದು ತೋರುತ್ತದೆ. ವೇತನ ಪಡೆದು ಆಡುವ ಕಾಲ್ಚೆಂಡಿನ ತಂಡಗಳಿಗೂ ಈ ಮಾತು ಸಲ್ಲುವುದೇ? ಒಮ್ಮೆ ತೊಲಗಿದ ಪ್ರೇಕ್ಷಕರು ಮರಳಿ ಬರಬೇಕಾದರೆ ಕಾರಣವೇನಿರಬೇಕು? ಲಂಡನ್ ನಗರದ ಆಗ್ನೇಯ ಭಾಗದಲ್ಲಿರುವ ಚಾರ್ಲ್‌ಟನ್ ಅಥ್ಲೆಟಿಕ್ ತಂಡದ ಚರಿತ್ರೆಯು ಈ ಪ್ರಶ್ನೆಗಳನ್ನು ಪರೀಕ್ಷಿಸುವುದಕ್ಕೆ ಉತ್ತಮವಾದ ಉದಾಹರಣೆಯಾಗಿದೆ.

1. ಪೂರ್ವವೃತ್ತಾಂತ

1905ನೆಯ ಇಸವಿ ಜೂನ್ 9ರಂದು ಥೇಮ್ಸ್ ನದಿಯ ದಡದ ಕೇರಿಯ ಕೆಲವು ಹುಡುಗರು ಕೂಡಿ ಈ ತಂಡವನ್ನು ಕಟ್ಟಿದರು. 1919ರಲ್ಲಿ ತಂಡಕ್ಕೆ ಸ್ವಂತ ಆಟದ ಬಯಲು ಬೇಕಾದಾಗ ದೊರೆತದ್ದು ಮರಳನ್ನೂ ಸುಣ್ಣಕಲ್ಲನ್ನೂ ತೆಗೆದು ಬಿಟ್ಟಿದ್ದ ಒಂದು ದೊಡ್ಡ ಹಳ್ಳ. ಕೂಲಿಯ ಅಪೇಕ್ಷೆಯಿಲ್ಲದೆ ಅಭಿಮಾನಿಗಳೇ ಗುದ್ದಲಿ ಹಿಡಿದು ಅದನ್ನು ಸಮಮಾಡಿ, ಅಗೆದ ಮಣ್ಣಿನಿಂದ ಸುತ್ತಲೂ ಏರಿಗಳನ್ನು ಎಬ್ಬಿಸಿದರು. 'ದಿ ವ್ಯಾಲಿ', ಎಂದರೆ 'ಕಣಿವೆ', ಎಂಬುದು ಆ ಸ್ಥಳದ ಅನ್ವರ್ಥನಾಮವಾಯಿತು.

1923-24ರ ಋತುವಿನ ನಡುವೆ ತಂಡದ ಆಡಳಿತಗಾರರು ಹೆಚ್ಚಿನ ಜನರ ಆಸೆಯಿಂದ ಕ್ಯಾಟ್‌ಫರ್ಡ್ ಎಂಬ ನೆರೆಯ ಪ್ರದೇಶಕ್ಕೆ ಆಟವನ್ನು ಸಾಗಿಸಿದರು. ಅಲ್ಲಿ ಜನ ಬರಲಿಲ್ಲ. 1924ರಲ್ಲಿಯೇ ತಂಡವು ಕಣಿವೆಗೆ ಹಿಂದಿರುಗಬೇಕಾಯಿತು. ಮುಂದೆ ಅರುವತ್ತು ವರ್ಷಗಳ ಮೇಲೆ ಆದ ಮಹಾಪ್ರಮಾದಕ್ಕೆ ಇದು ಪೂರ್ವಸೂಚನೆಯಂತಿದ್ದಿತು. ಆದರೆ ಅದನ್ನು ನೆನೆದವರಿಲ್ಲ.

ಆ ಬಳಿಕ ತಂಡಕ್ಕೆ ಉಚ್ಛ್ರಾಯಕಾಲ ಒದಗಿತು. 1936-37ರಲ್ಲಿ ಅದು ಇಂಗ್ಲೆಂಡಿನ ಮೊದಲನೆಯ ಶ್ರೇಣಿಯಲ್ಲಿ ಎರಡನೆಯ ಸ್ಥಾನವನ್ನು ಪಡೆಯಿತು, 1947ರಲ್ಲಿ ಎಫ್. ಎ. ಕಪ್ಪನ್ನು ಗೆದ್ದಿತು. 1938ರ ಫೆಬ್ರವರಿ 12ರಂದು ಆಸ್ಟನ್ ವಿಲ್ಲಾ ತಂಡದೊಡನೆ ನಡೆದ ಪಂದ್ಯಕ್ಕೆ 75,031 ಮಂದಿ ನೆರೆದಿದ್ದರು.

2. ಕ್ಷಯವೂ ದೇಶಾಂತರವಾಸವೂ

1957ರಲ್ಲಿ ತಂಡವು ಎರಡನೆಯ ಶ್ರೇಣಿಗೆ ಇಳಿಯಿತು. ಜನರೂ ಕ್ರಮೇಣ ಕಡಮೆಯಾದರು. ಇದರಲ್ಲಿ ದೇಶಕ್ಕೆಲ್ಲ ಸಾಧಾರಣವಾದ ಅಂಶವೂ ಉಂಟು. ಇಂಗ್ಲೆಂಡಿನ ಲೀಗ್ ಪಂದ್ಯಗಳಿಗೆ 1948-49ರಲ್ಲಿ ಒಟ್ಟು 4 ಕೋಟಿ 12 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದಿದ್ದರು; 1985-86ರಲ್ಲಿ ಬಂದವರು ಸುಮಾರು 1 ಕೋಟಿ 65 ಲಕ್ಷ ಮಾತ್ರ.

1984ರಲ್ಲಿ ತಂಡದ ಸಂಸ್ಥೆಯು ಸಾಲದಿಂದ ಮುಳುಗುವಂತಾಗಿ ಹೊಸ ಕಂಪೆನಿಯೊಂದರಿಂದ ಉಳಿಯಿತು. ಆದರೆ ಕಣಿವೆಯ ನೆಲವು ಹಳೆಯ ಒಡೆಯರಲ್ಲಿಯೇ ನಿಂತಿತು. ತಂಡ ಒಬ್ಬರದು, ನೆಲ ಮತ್ತೊಬ್ಬರದು ಎಂಬ ಈ ವಿಭಾಗದಿಂದ ವ್ಯಾಜ್ಯ ಹುಟ್ಟಿತು. 1985ರ ಮೇ 11ರಂದು ಬ್ರ್ಯಾಡ್‌ಫರ್ಡ್ ನಗರದ ಕ್ರೀಡಾಂಗಣದಲ್ಲಿ ಬೆಂಕಿ ಬಿದ್ದು 56 ಜನ ಮಡಿದ ಮೇಲೆ ಅಧಿಕಾರಿಗಳು ಎಲ್ಲೆಡೆಯೂ ರಕ್ಷಣೆಯ ವಿಚಾರದಲ್ಲಿ ಬಿಗಿಯಾದರು. ಕಣಿವೆಯ ಪೂರ್ವದಿಕ್ಕಿನ ವಿಶಾಲವಾದ ಮೆಟ್ಟಿಲುಸಾಲು ಮುಚ್ಚಲ್ಪಟ್ಟಿತು. ಆಡಳಿತಗಾರರು ಸ್ಥಳವನ್ನೇ ಬಿಡಲು ನಿಶ್ಚಯಿಸಿದರು. ಸೆಪ್ಟೆಂಬರಿನ ಒಂದು ಪಂದ್ಯಕ್ಕೆ ಬಂದ ಜನರ ಕೈಗೆ ಬಾಗಿಲಲ್ಲಿ ಕೊಟ್ಟ ಒಂದು ಹಾಳೆಯಿಂದಲೇ ಈ ಸುದ್ದಿಯು ಅವರಿಗೆ ತಿಳಿದದ್ದು. 1985ರ ಸೆಪ್ಟೆಂಬರ್ 21ರಂದು ಸ್ಟೋಕ್ ಸಿಟಿ ತಂಡದೊಡನೆ ಕೊನೆಯ ಆಟವಾಯಿತು. ಆಮೇಲೆ ಚಾರ್ಲ್‌ಟನ್ ತಂಡವು ಹಲವು ಮೈಲಿಗಳ ದೂರದಲ್ಲಿ, ಕ್ರಿಸ್ಟಲ್ ಪ್ಯಾಲೆಸ್ ತಂಡದ ಸೆಲ್‌ಹರ್ಸ್ಟ್ ಪಾರ್ಕ್ ಅಂಗಣದಲ್ಲಿ, ಬಾಡಿಗೆಗೆ ಆಡತೊಡಗಿತು. ಉತ್ಸವಮೂರ್ತಿಯನ್ನು ಪರಗ್ರಾಮದ ಗುಡಿಯಲ್ಲಿರಿಸಿ ಊರವರನ್ನು ಸೇವೆಗೆ ಕರೆದಂತಾಯಿತು.

3. ಪೂರ್ವಪಕ್ಷ

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟುವುದು. ತಂಡ ಗೆದ್ದರೆ ಜನ ಬರುತ್ತಾರೆ, ಸೋತರೆ ಬಿಡುತ್ತಾರೆ, ಸ್ಥಳಾಸ್ಥಳಗಳ ವಿಚಾರವೇತಕ್ಕೆ? ಎಂದು. ಈ ಪಕ್ಷವು ನಿಲ್ಲುವುದಿಲ್ಲ. ಪರಸ್ಥಳಕ್ಕೆ ಹೋದ ಮೊದಲನೆಯ ಋತುವಿನಲ್ಲಿಯೇ, ಎಂದರೆ 1986ರಲ್ಲಿ, ತಂಡವು 29 ವರ್ಷಗಳ ಮೇಲೆ ಮೊದಲನೆಯ ಶ್ರೇಣಿಗೆ ಏರಿ, 1990ರವರೆಗೂ ಅಲ್ಲಿ ನಿಂತಿತು. ಲಿವರ್‌ಪೂಲ್, ಆರ್ಸೆನಲ್ ಮೊದಲಾದ ಪ್ರಖ್ಯಾತ ತಂಡಗಳು ಎದುರಿಗೆ ಬಂದು ಆಡಿದುವು. ಆದರೂ ಆ ಶ್ರೇಣಿಯಲ್ಲಿ ಅತ್ಯಲ್ಪ ಪ್ರೇಕ್ಷಕರಿದ್ದ ತಂಡಗಳ ಸಾಲಿನಲ್ಲಿಯೇ ಚಾರ್ಲ್‌ಟನ್ ಉಳಿಯಿತು. ಜಯವಿದ್ದೂ ಜನರಿಲ್ಲದಿರುವಾಗ ಜಯವೊಂದೇ ಕಾರಣವೆಂಬುದು ವ್ಯಭಿಚಾರದೋಷಕ್ಕೆ ಒಳಗಾಗುವುದು.

4. ಪುನರಾಗಮನ

ಮರಳುವ ಯತ್ನವು ಆಡಳಿತಗಾರರಿಂದ ಮೊದಲಾಗಲಿಲ್ಲ, ಅಭಿಮಾನಿಗಳಿಂದ ಮೊದಲಾಯಿತು. 1988ರಲ್ಲಿ ಅವರು ಒಂದು ಚಿಕ್ಕ ಪತ್ರಿಕೆಯನ್ನು ಹೊರಡಿಸಿ ಕಣಿವೆಯ ಹೆಸರನ್ನು ಜೀವಂತವಾಗಿಟ್ಟರು. ಅಷ್ಟರಲ್ಲಿ ಆಡಳಿತವೂ ನೆಲವೂ ಮತ್ತೆ ಒಂದೇ ಕೈಗೆ ಬಂದಿದ್ದುವು. 1989ರ ಮಾರ್ಚಿ ತಿಂಗಳಲ್ಲಿ ಮರಳುವ ನಿರ್ಧಾರವು ಪ್ರಕಟವಾದೊಡನೆಯೇ ಜನರು ಕತ್ತಿ ಗುದ್ದಲಿಗಳೊಡನೆ ಬಂದು, ಕಾಡಿನಂತೆ ಬೆಳೆದಿದ್ದ ಗಿಡಗಂಟೆಗಳನ್ನು ಕಡಿದು, ಅಂಗಣದ ನಡುವೆ ರಾಶಿಹಾಕಿ ಸುಟ್ಟರು. 1919ರ ಕೆಲಸವನ್ನೇ 70 ವರ್ಷಗಳ ಮೇಲೆ ಅದೇ ಬಗೆಯ ಜನರು ಮತ್ತೊಮ್ಮೆ ಮಾಡಿದಂತಾಯಿತು.

ಆದರೆ 1990ರ ಜನವರಿಯಲ್ಲಿ ಗ್ರೆನಿಚ್ ಪೌರಸಭೆಯು ಕಟ್ಟಡದ ಯೋಜನೆಗೆ ಅನುಮತಿಯನ್ನು ನಿರಾಕರಿಸಿತು. ಆಗ ಅಭಿಮಾನಿಗಳು 'ವ್ಯಾಲಿ ಪಾರ್ಟಿ' ಎಂಬ ಪಕ್ಷವನ್ನೇ ಕಟ್ಟಿ, ಅದೇ ವರ್ಷ ಮೇ ತಿಂಗಳ ಪೌರಸಭಾ ಚುನಾವಣೆಯಲ್ಲಿ 60 ಸ್ಥಾನಗಳಿಗೆ ಸ್ಪರ್ಧಿಸಿದರು. ಒಂದು ಸ್ಥಾನವೂ ಅವರಿಗೆ ದಕ್ಕಲಿಲ್ಲ. ಆದರೆ 14,838 ಮತಗಳು, ಎಂದರೆ ನೂರಕ್ಕೆ ಸುಮಾರು ಹನ್ನೊಂದರಷ್ಟು, ಬಂದುವು. ಯೋಜನಾಸಮಿತಿಯ ಅಧ್ಯಕ್ಷರು ತಮ್ಮ ಸ್ಥಾನವನ್ನು ಕಳೆದುಕೊಂಡರು. 1991ರಲ್ಲಿ ಅನುಮತಿಯು ದೊರೆಯಿತು. ದ್ರವ್ಯಾಭಾವದಿಂದ ಇನ್ನೂ ವಿಳಂಬವಾಗಿ, ತಂಡವು ನದಿಯ ಆಚೆಗಿನ ವೆಸ್ಟ್ ಹ್ಯಾಮ್ ತಂಡದ ಅಂಗಣದಲ್ಲಿ ಆಡಬೇಕಾಯಿತು. ಅಭಿಮಾನಿಗಳು ತಮ್ಮ ಉಳಿತಾಯದಿಂದ ಹತ್ತು ಲಕ್ಷ ಪೌಂಡುಗಳಿಗೂ ಮೇಲ್ಪಟ್ಟು ಕೂಡಿಸಿದರು. ರಾಬರ್ಟ್ ಲೀ ಎಂಬ ಉತ್ತಮ ಆಟಗಾರನನ್ನು ಸಹ ಸಂಸ್ಥೆಯು ನ್ಯೂಕ್ಯಾಸಲ್ ತಂಡಕ್ಕೆ ಮಾರಿತು. ಕೊನೆಗೆ 1992ರ ಡಿಸೆಂಬರ್ 5ರಂದು ಕಣಿವೆಯ ಬಾಗಿಲು ತೆರೆಯಿತು. ಆ ದಿನ ಬಂದವರು 8,337 ಮಂದಿ. ಕಾಲಿನ್ ವಾಲ್ಷ್ ಹೊಡೆದ ಒಂದೇ ಗೋಲಿನಿಂದ ಪೋರ್ಟ್ಸ್‌ಮತ್ ತಂಡವು ಸೋತಿತು.

5. ವೃದ್ಧಿಯ ಕ್ರಮ

8,337 ಎಂಬುದು 75,031ರ ಮುಂದೆ ಅಲ್ಪವಾದ ಸಂಖ್ಯೆಯೇ ಸರಿ. ಮರಳಿದ ಮಾತ್ರಕ್ಕೆ ಜನ ತಾನಾಗಿ ಬೆಳೆಯಲಿಲ್ಲ; ಕ್ರಮವಾಗಿ ಬೆಳೆಸಲ್ಪಟ್ಟಿತು. ಆಗ್ನೇಯ ಲಂಡನ್ನಿನಿಂದ ಕೆಂಟ್ ಪ್ರಾಂತದ ಊರುಗಳಿಗೆ ಹೋಗಿ ನೆಲಸಿದ್ದ ಕುಟುಂಬಗಳಿಗಾಗಿ ಅಲ್ಪ ದರದ ಬಸ್ಸುಗಳನ್ನು ಓಡಿಸಿದರು. ಶಾಲೆಗಳ ಮಕ್ಕಳನ್ನು ಆಟಕ್ಕೆ ಕರೆತಂದರು. ವರ್ಷದ ಟಿಕೆಟ್ಟುಳ್ಳವರು ಚುನಾಯಿಸಿದ ಒಬ್ಬ ಪ್ರತಿನಿಧಿಗೆ ನಿರ್ದೇಶಕರ ಮಂಡಲಿಯಲ್ಲಿ ಸ್ಥಾನ ಕೊಟ್ಟರು. ಜನ ಹೆಚ್ಚಿದಂತೆ ಒಂದೊಂದೇ ಮಗ್ಗುಲನ್ನು ಕಟ್ಟಿದರು. 1998ರಲ್ಲಿ ತಂಡವು ಪ್ರೀಮಿಯರ್ ಲೀಗಿಗೆ ಏರಿ, ಮರುವರ್ಷ ಇಳಿದು, 2000ದಲ್ಲಿ ಮತ್ತೆ ಏರಿ, 2007ರವರೆಗೆ ಅಲ್ಲಿದ್ದಿತು. ಸುಮಾರು 27,000 ಆಸನಗಳುಳ್ಳ ಅಂಗಣದಲ್ಲಿ ಸರಾಸರಿ 26,000 ಮಂದಿ ಕೂಡುತ್ತಿದ್ದರು. ಇದೇ ರಂಗಪೂರ್ಣತೆ.

6. ಸಿದ್ಧಾಂತ

ಹಾಗಾದರೆ ಸ್ಥಳವೇ ಕಾರಣವೆನ್ನಬಹುದೇ? ಅದೂ ಸಾಲದು. 2009ರಿಂದ 2012ರವರೆಗೆ ತಂಡವು ಮೂರನೆಯ ಶ್ರೇಣಿಗೆ ಬಿದ್ದಿದ್ದಾಗಲೂ ಪಂದ್ಯವೊಂದಕ್ಕೆ 15,000ಕ್ಕೂ ಹೆಚ್ಚು ಜನ ಬಂದರು. 2014ರಲ್ಲಿ ಸಂಸ್ಥೆಯನ್ನು ಕೊಂಡ ವಿದೇಶೀ ಧನಿಕರೊಬ್ಬರ ಕಾಲದಲ್ಲಿ ಅಭಿಮಾನಿಗಳಿಗೂ ಆಡಳಿತಕ್ಕೂ ವಿರಸ ಬೆಳೆಯಿತು. 2016ರಲ್ಲಿ ಜನರು ಆಟದ ನಡುವೆ ಚೆಂಡುಗಳನ್ನೆಸೆದು ಪ್ರತಿಭಟಿಸಿದರು. ಆ ವರ್ಷ ತಂಡವು ಮತ್ತೆ ಮೂರನೆಯ ಶ್ರೇಣಿಗೆ ಇಳಿದಾಗ ಲೆಕ್ಕಕ್ಕೆ ಬಂದ ಸರಾಸರಿ ಸುಮಾರು 11,000 ಮಾತ್ರ. ಸ್ಥಳವೂ ಅದೇ, ಶ್ರೇಣಿಯೂ ಅದೇ. ಜನ ಮಾತ್ರ ಬೇರೆಯಾಯಿತು.

ಜಯವಿದ್ದೂ ಜನರಿಲ್ಲದ ಕಾಲ ಒಂದು, ಸ್ಥಳವಿದ್ದೂ ಜನ ಕುಗ್ಗಿದ ಕಾಲ ಮತ್ತೊಂದು. ಅನ್ವಯವ್ಯತಿರೇಕಗಳಿಂದ ನೋಡುವಾಗ, ಜನ ತುಂಬಿದ ಎಲ್ಲ ಕಾಲಗಳಲ್ಲಿಯೂ ಇದ್ದು, ಬರಿದಾದ ಎರಡು ಕಾಲಗಳಲ್ಲಿಯೂ ಇಲ್ಲದಿದ್ದದ್ದು 'ಇದು ನಮ್ಮದು' ಎಂಬ ಮಮತ್ವವೇ. ಸ್ವಾಮ್ಯವನ್ನು ಹಣದಿಂದ ಕೊಳ್ಳಬಹುದು, ಮಮತ್ವವು ವಿಕ್ರಯವಸ್ತುವಲ್ಲ. 1985ರಲ್ಲಿ ಬಾಗಿಲಲ್ಲಿ ಹಂಚಿದ ಹಾಳೆಯು ಕೆಡಿಸಿದ್ದು ಅದನ್ನು. 1989ರಲ್ಲಿ ಗುದ್ದಲಿ ಹಿಡಿದವರು ಮರಳಿ ಗಳಿಸಿದ್ದೂ ಅದನ್ನೇ.

ಪಾತ್ರದ ಹರ್ಷದಲ್ಲಿ ಹರ್ಷಿಸಿ, ಶೋಕದಲ್ಲಿ ಶೋಕಿಸುವವನೇ ಪ್ರೇಕ್ಷಕನೆಂದು ಭರತನ ಮತ. ಅಂಥವರು ಕಳೆದುಹೋದ ಮೇಲೆ ಅವರನ್ನು ಮತ್ತೆ ಗಳಿಸಲು ಚಾರ್ಲ್‌ಟನ್ ತಂಡಕ್ಕೆ ಏಳು ವರ್ಷಗಳ ಪರಸ್ಥಳವಾಸವೂ ಹತ್ತು ವರ್ಷಗಳ ದುಡಿಮೆಯೂ ಹಿಡಿದುವು. 2025ರ ಮೇ ತಿಂಗಳಲ್ಲಿ ವೆಂಬ್ಲಿಯ ಅಂಗಣದಲ್ಲಿ ಲೇಟನ್ ಓರಿಯೆಂಟ್ ತಂಡವನ್ನು ಸೋಲಿಸಿ ಅದು ಎರಡನೆಯ ಶ್ರೇಣಿಗೆ ಮರಳಿತು.